ವಿದೇಶಿ ಕ್ರಿಪ್ಟೊ ಎಕ್ಸ್‌ಚೇಂಜ್: ಎಫ್‌ಐಯು ನೋಂದಣಿ ಇದ್ದರೆ ಸಾಕಾ? ಟಿಡಿಎಸ್, ಪಿ2ಪಿ, ಷೆಡ್ಯೂಲ್ ಎಫ್‌ಎ ಬಗ್ಗೆ ಮೈಸೂರು–ಮಂಡ್ಯದವರ ಚರ್ಚೆ

ಮದ್ದೂರು ಲೆಕ್ಕ

ಎಲ್ಲರಿಗೂ ನಮಸ್ಕಾರ. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯಿಂದ ಪದೇ ಪದೇ ಬರೋ ಪ್ರಶ್ನೆಗಳನ್ನ ಒಟ್ಟಿಗೆ ಹಾಕ್ತಿದೀನಿ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

2024ರ ಜನವರಿಯಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿದ್ದ ವಿದೇಶಿ ಕ್ರಿಪ್ಟೊ ಆ್ಯಪ್‌ಗಳಲ್ಲಿ ಕೆಲವು ವಾಪಸ್ ಬಂದಿವೆ. 'ಎಫ್‌ಐಯು ನೋಂದಾಯಿತ' (ಎಫ್‌ಐಯು ಅಂದ್ರೆ ಕೇಂದ್ರದ ಹಣಕಾಸು ಗುಪ್ತಚರ ಘಟಕ) ಅಂತ ದೊಡ್ಡದಾಗಿ ಹಾಕ್ಕೊಂಡಿವೆ. ಹಾಗಂದ್ರೆ ಸರ್ಕಾರ ಲೈಸೆನ್ಸ್ ಕೊಟ್ಟಿದೆ ಅಂತ ಅರ್ಥನಾ? ಅಲ್ಲಿ ಟಿಡಿಎಸ್ (ಮೂಲದಲ್ಲೇ ಹಿಡಿಯೋ ತೆರಿಗೆ) ಕಟ್ ಆಗದಿದ್ರೆ ನಾವೇ ಕಟ್ಟಬೇಕಾ? ದುಡ್ಡನ್ನ ರೂಪಾಯಿಗೆ ತರದೆ ಡಾಲರ್ ಬೆಲೆಗೆ ಕಟ್ಟಿರೋ ಕಾಯಿನ್ ಆದ ಯುಎಸ್‌ಡಿಟಿಯಲ್ಲೇ ಬಿಟ್ಟಿದ್ರೆ ತೆರಿಗೆ ಇಲ್ಲ ಅಂತಾರಲ್ಲ, ಹೌದಾ? ಪಿ2ಪಿಯಲ್ಲಿ (ಆ್ಯಪ್ ಮೂಲಕ ಒಬ್ಬರಿಂದ ಒಬ್ಬರಿಗೆ ನೇರವಾಗಿ) ಮಾರಿದ ದುಡ್ಡನ್ನ ಅಂಗಡಿಯ ಕರೆಂಟ್ ಅಕೌಂಟಿಗೆ ಹಾಕಿಸ್ಕೊಬಹುದಾ?

ಯಾವ ಕಾಯಿನ್ ಏರುತ್ತೆ, ಯಾವುದು ಇಳಿಯುತ್ತೆ ಅನ್ನೋ ಮಾತು ಇಲ್ಲಿ ಬೇಡ. ನಿಯಮ ಮತ್ತು ಲೆಕ್ಕ ಅಷ್ಟೇ ಸಾಕು.

ಕುವೆಂಪುನಗರ ಆಡಿಟ್

ಮೊದಲನೆಯದರಿಂದ ಶುರು ಮಾಡ್ತೀನಿ, ಉಳಿದ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟೋದು. ಎಫ್‌ಐಯು ನೋಂದಣಿ ಲೈಸೆನ್ಸ್ ಅಲ್ಲ. ನಮ್ಮಲ್ಲಿ ಷೇರು ಬ್ರೋಕರ್‌ಗೆ ಸೆಬಿ ಇದೆ, ಬ್ಯಾಂಕಿಗೆ ಆರ್‌ಬಿಐ ಇದೆ. ಕ್ರಿಪ್ಟೊ ಎಕ್ಸ್‌ಚೇಂಜ್‌ಗೆ ಆ ಥರ ಗ್ರಾಹಕರ ಹಣ ಕಾಯೋ ನಿಯಂತ್ರಕ ಇಲ್ಲ. ಇರೋದು ಇಷ್ಟೇ: 2023ರ ಮಾರ್ಚ್ 7ರ ಅಧಿಸೂಚನೆಯಲ್ಲಿ ಇಂಥ ಸೇವೆ ಕೊಡೋರನ್ನ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, ಅಂದರೆ ಪಿಎಂಎಲ್‌ಎ ಅಡಿಗೆ ತಂದರು. ಅಂದಿನಿಂದ ಅವರು ಎಫ್‌ಐಯು-ಇಂಡಿಯಾದಲ್ಲಿ ನೋಂದಣಿ ಮಾಡಿಸಬೇಕು, ಕೆವೈಸಿ ಮಾಡಬೇಕು, ದಾಖಲೆ ಇಡಬೇಕು, ಅನುಮಾನ ಬಂದ ವಹಿವಾಟಿನ ವರದಿ ಕಳಿಸಬೇಕು. ಭಾರತದಲ್ಲಿ ಕಚೇರಿ ಇದೆಯೋ ಇಲ್ಲವೋ ಮುಖ್ಯ ಅಲ್ಲ. ಭಾರತದವರಿಗೆ ಸೇವೆ ಕೊಟ್ಟರೆ ನೋಂದಣಿ ಕಡ್ಡಾಯ.

2023ರ ಡಿಸೆಂಬರ್ 28ರಂದು ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಹೋಗಿದ್ದು ಇದೇ ಕಾರಣಕ್ಕೆ. ಬೈನಾನ್ಸ್, ಕುಕಾಯಿನ್, ಹುವೋಬಿ, ಕ್ರಾಕನ್, ಗೇಟ್, ಬಿಟ್‌ಟ್ರೆಕ್ಸ್, ಬಿಟ್‌ಸ್ಟಾಂಪ್, ಮೆಕ್ಸಿ, ಬಿಟ್‌ಫಿನೆಕ್ಸ್. ಆಮೇಲೆ ಕುಕಾಯಿನ್ 34.5 ಲಕ್ಷ ದಂಡ ಕಟ್ಟಿ ನೋಂದಣಿಯಾಯ್ತು. ಬೈನಾನ್ಸ್‌ಗೆ 2024ರ ಜೂನ್‌ನಲ್ಲಿ 18.82 ಕೋಟಿ, ಬೈಬಿಟ್‌ಗೆ 2025ರ ಜನವರಿಯಲ್ಲಿ 9.27 ಕೋಟಿ ದಂಡ ಬಿತ್ತು. 2025ರ ಅಕ್ಟೋಬರ್‌ನಲ್ಲಿ ಮತ್ತೆ 25 ವಿದೇಶಿ ವೇದಿಕೆಗಳಿಗೆ ನೋಟಿಸ್ ಹೋಯ್ತು.

ಮಂಡ್ಯದವರಿಗೆ ಅರ್ಥವಾಗೋ ಹಾಗೆ ಹೇಳೋದಾದ್ರೆ, ಅಂಗಡಿಗೆ ಜಿಎಸ್‌ಟಿ ನಂಬರ್ ಇದೆ ಅಂದ ಮಾತ್ರಕ್ಕೆ ಒಳಗಿರೋ ಬೆಲ್ಲಕ್ಕೆ ಹೈಡ್ರೋಸ್ (ಬಣ್ಣ ತಿಳಿ ಮಾಡೋ ರಾಸಾಯನಿಕ) ಹಾಕಿಲ್ಲ ಅಂತ ಆಗಲ್ಲ. ನೋಂದಣಿ ನಂಬರ್ ಸರ್ಕಾರದ ಕಣ್ಣಿಗೆ, ನಿಮ್ಮ ದುಡ್ಡಿನ ಭದ್ರತೆಗೆ ಅಲ್ಲ.

ಹೆಬ್ಬಾಳ್ ನೋಡ್

ಸಾರ್ ಹೇಳಿದ್ದಕ್ಕೆ ಇದನ್ನೂ ಸೇರಿಸ್ತೀನಿ. ನೋಂದಣಿ ಇಲ್ಲದ ಎಕ್ಸ್‌ಚೇಂಜ್‌ಗೆ ವಿಪಿಎನ್ ಹಾಕ್ಕೊಂಡು ಹೋಗೋರು ಇನ್ನೂ ಇದಾರೆ. ತೊಂದರೆ ಬರೋದು ಒಳಗೆ ಹೋಗುವಾಗ ಅಲ್ಲ, ದುಡ್ಡು ಹೊರಗೆ ತೆಗೆಯುವಾಗ. ಲಾಗಿನ್ ಒಂದು ದೇಶದಿಂದ, ಆಧಾರ್ ಇನ್ನೊಂದು ದೇಶದ್ದು ಅಂತ ಕಂಡಾಗ ರಿಸ್ಕ್ ಸಿಸ್ಟಂ ವಿತ್‌ಡ್ರಾವಲ್ ನಿಲ್ಲಿಸಿ ಮತ್ತೆ ಕೆವೈಸಿ ಕೇಳುತ್ತೆ. ಆಗ ನಿಜವಾದ ಮೈಸೂರು ವಿಳಾಸ ಕೊಟ್ಟರೆ 'ನಿಮ್ಮ ದೇಶದಲ್ಲಿ ಸೇವೆ ಇಲ್ಲ' ಅನ್ನಬಹುದು. ಸುಳ್ಳು ವಿಳಾಸ ಕೊಟ್ಟರೆ ಅದು ಇನ್ನೊಂದು ತಪ್ಪು.

ನೋಂದಣಿ ಇರೋ ಕಡೆಯೂ ಖಾತೆ ತೆರೆಯೋ ಮೊದಲು ಬಳಕೆಯ ಷರತ್ತುಗಳಲ್ಲಿ ಎರಡು ಜಾಗ ಓದಿ. ನೀವು ಒಪ್ಪಂದ ಮಾಡಿಕೊಳ್ತಿರೋ ಕಂಪನಿಯ ಹೆಸರು ಮತ್ತು ಅದು ನೋಂದಣಿಯಾಗಿರೋ ದೇಶ ಒಂದು. ವ್ಯಾಜ್ಯ ಬಂದರೆ ಯಾವ ದೇಶದ ಕಾನೂನು, ಎಲ್ಲಿ ಮಧ್ಯಸ್ಥಿಕೆ ಅನ್ನೋದು ಇನ್ನೊಂದು. ಆ್ಯಪ್ ಮೇಲಿರೋ ಬ್ರ್ಯಾಂಡ್ ಒಂದಾದ್ರೆ ಒಪ್ಪಂದದಲ್ಲಿರೋ ಕಂಪನಿ ಬೇರೆಯೇ ಇರಬಹುದು. ಇದು ವಿದೇಶಿ ಆ್ಯಪ್‌ಗಳ ಮಾತು ಮಾತ್ರ ಅಲ್ಲ. ಎಲ್ಲರೂ ದೇಶೀಯ ಅಂತ ತಿಳಿದಿದ್ದ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಕದ್ದರು. ಬಳಕೆದಾರರ ದುಡ್ಡಿನ ಇತ್ಯರ್ಥ ನಡೆದದ್ದು ಸಿಂಗಪುರದ ಹೈಕೋರ್ಟ್‌ನಲ್ಲಿ, ವಹಿವಾಟು ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ನೋಂದಣಿ, ಕೆವೈಸಿ ಎಲ್ಲ ಇದ್ದೂ ಹದಿನೈದು ತಿಂಗಳು.

ಹಾಗಾಗಿ ನನ್ನ ಅಭಿಪ್ರಾಯ ನೇರ: ಎಕ್ಸ್‌ಚೇಂಜ್ ಅನ್ನೋದು ವ್ಯಾಪಾರ ಮಾಡೋ ಕಟ್ಟೆ, ದುಡ್ಡಿಡೋ ತಿಜೋರಿ ಅಲ್ಲ.

ಮದ್ದೂರು ಲೆಕ್ಕ

ಅರ್ಥ ಆಯ್ತು ಅಣ್ಣ. ಈಗ ಟಿಡಿಎಸ್ ವಿಷಯ. ವಿದೇಶಿ ಆ್ಯಪ್ ಕಟ್ ಮಾಡಲ್ಲ ಅಂತ ಎಷ್ಟೋ ಜನ ಅಲ್ಲಿಗೆ ಹೋಗಿರೋದು. ಅದರ ಹೊಣೆ ಯಾರದು?

ಕುವೆಂಪುನಗರ ಆಡಿಟ್

ಕಲಂ, ಫಾರಂ ಸಂಖ್ಯೆಗಳನ್ನ 1961ರ ಆದಾಯ ತೆರಿಗೆ ಕಾಯ್ದೆ ಪ್ರಕಾರ ಹೇಳ್ತೀನಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರೋದರಿಂದ ಸಂಖ್ಯೆ ಬದಲಾಗುತ್ತೆ, 30% ಮತ್ತು 1% ಅನ್ನೋ ದರ ಅದೇ. ಪೋರ್ಟಲ್‌ನಲ್ಲಿ ಸಂಖ್ಯೆ ಹುಡುಕೋ ಬದಲು 'ವರ್ಚುವಲ್ ಡಿಜಿಟಲ್ ಅಸೆಟ್' ಅನ್ನೋ ಹೆಸರು ನೋಡಿ ಆರಿಸಿ.

ಕ್ರಿಪ್ಟೊ ಟಿಡಿಎಸ್ ಕಲಂ 194ಎಸ್ ಜಾರಿಗೆ ಬಂದಿದ್ದು 2022ರ ಜುಲೈ 1. ನಿವಾಸಿ ಭಾರತೀಯರಿಗೆ ಕ್ರಿಪ್ಟೊ ಬಾಬ್ತು ಹಣ ಕೊಡೋ *ಖರೀದಿದಾರ* 1% ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಎಕ್ಸ್‌ಚೇಂಜ್ ಮೂಲಕ ಹಣ ಹೋದರೆ ಅವರು ಹಿಡೀತಾರೆ. ಪಿ2ಪಿಯಲ್ಲಿ ಹಣ ನಿಮ್ಮ ಬ್ಯಾಂಕಿಂದ ನೇರ ಮಾರಾಟಗಾರರ ಬ್ಯಾಂಕಿಗೆ ಹೋಗುತ್ತೆ. ಆದ್ದರಿಂದ ಆ ಹೊಣೆ ಖರೀದಿ ಮಾಡಿದವರ ಮೇಲೆ ಕೂರುತ್ತೆ. ಇದು ಮುಕ್ಕಾಲು ಪಾಲು ಜನಕ್ಕೆ ಗೊತ್ತೇ ಇಲ್ಲ.

ಟಿಡಿಎಸ್ ಶುರುವಾಗೋ ಮಿತಿ ಹೀಗಿದೆ. ಸಂಬಳದವರು, ವ್ಯಾಪಾರದ ಆದಾಯ ಇಲ್ಲದವರು, ಅಥವಾ ವ್ಯಾಪಾರದ ವಹಿವಾಟು 1 ಕೋಟಿಯೊಳಗೆ, ವೃತ್ತಿಯದ್ದು 50 ಲಕ್ಷದೊಳಗೆ ಇರೋರಿಗೆ ವರ್ಷಕ್ಕೆ 50,000 ರೂಪಾಯಿ. ಉಳಿದವರಿಗೆ 10,000. ಮೊದಲ ಗುಂಪಿನವರಿಗೆ ಟ್ಯಾನ್ (ಟಿಡಿಎಸ್ ಹಿಡಿಯೋರ ಸಂಖ್ಯೆ) ಬೇಡ, ಪ್ಯಾನ್ ಸಾಕು. ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ ಇ-ಪೇ ಟ್ಯಾಕ್ಸ್‌ಗೆ ಹೋಗಿ ಕ್ರಿಪ್ಟೊ ಟಿಡಿಎಸ್ ಕಟ್ಟೋ ಫಾರಂ (ಹಳೇ ಸಂಖ್ಯೆ 26ಕ್ಯುಇ) ಆರಿಸಿ. ಮಾರಾಟಗಾರರ ಪ್ಯಾನ್, ವರ್ಗಾವಣೆ ದಿನಾಂಕ, ಒಟ್ಟು ಮೌಲ್ಯ, ಹಿಡಿದ ಮೊತ್ತ ತುಂಬಿ ಕಟ್ಟಿ. ಹಿಡಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟಬೇಕು. ಆಮೇಲೆ ಇಲಾಖೆಯ ಟಿಡಿಎಸ್ ಜಾಲತಾಣ ಟ್ರೇಸಸ್‌ನಿಂದ 16ಇ ಪ್ರಮಾಣಪತ್ರ ಇಳಿಸಿ ಮಾರಾಟಗಾರರಿಗೆ ಕೊಡಬೇಕು.

ಹಿಡಿಯದೇ ಇದ್ದರೆ ತಿಂಗಳಿಗೆ 1% ಬಡ್ಡಿ, ಹಿಡಿದು ಕಟ್ಟದಿದ್ದರೆ 1.5%. ಫಾರಂ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ಅದು ಟಿಡಿಎಸ್ ಮೊತ್ತವನ್ನ ಮೀರಲ್ಲ. ಮಾರಾಟಗಾರರ ಪ್ಯಾನ್ ಇಲ್ಲದಿದ್ದರೆ ದರ 1% ಅಲ್ಲ, 20%.

ಕೆರಗೋಡು ಕಡೆಯವ

ಆಡಿಟ್ ಸಾರ್ ಹೇಳ್ತಿರೋದು ಕಾನೂನು ಪ್ರಕಾರ ಸರಿ ಕಣ್ರೀ. ಪಿ2ಪಿ ಪರದೆ ಮೇಲೆ ಅದು ಎಲ್ಲಿ ಸಿಕ್ಕಾಕ್ಕೊಳುತ್ತೆ ಅಂತ ನಾನು ಹೇಳ್ತೀನಿ.

ಆರ್ಡರ್ ಒಂದು ಲಕ್ಷದ್ದು ಅಂದ್ಕೊಳಿ. ನೀವು 1,000 ಹಿಡ್ಕೊಂಡು 99,000 ಕಳಿಸಿದ್ರೆ ಮಾರೋನು 'ಪೂರ್ತಿ ಬಂದಿಲ್ಲ' ಅಂತ ಕಾಯಿನ್ ಬಿಡಲ್ಲ, ಆ್ಯಪ್‌ಗೆ ಅಪೀಲ್ (ದೂರು) ಹಾಕ್ತಾನೆ. ಅಪೀಲ್ ನೋಡೋರು ಆರ್ಡರ್ ಮೊತ್ತಾನೇ ನೋಡ್ತಾರೆ, ನಮ್ಮ 194ಎಸ್ ಅವರಿಗೆ ಬೇಕಾಗಿಲ್ಲ. ಅದ್ಕೆ ಆರ್ಡರ್ ಒತ್ತೋ ಮೊದಲೇ ಜಾಹೀರಾತಿನ ಷರತ್ತು ಓದಿ. 'ಟಿಡಿಎಸ್ ಒಪ್ಪಿಗೆ, ಪ್ಯಾನ್ ಕೊಡ್ತೀವಿ' ಅನ್ನೋ ಮರ್ಚೆಂಟ್ ಹತ್ರ ಮಾತ್ರ ತಗೊಳಿ. ರೇಟು ಐವತ್ತು ಪೈಸೆ ಜಾಸ್ತಿ ಆದ್ರೂ ಪರವಾಗಿಲ್ಲ. ಮಾತುಕತೆ ಆ್ಯಪ್‌ನ ಚಾಟ್‌ನಲ್ಲೇ ಆಗ್ಲಿ, ವಾಟ್ಸಾಪ್‌ಗೆ ಹೋಗಬೇಡಿ. ನಾಳೆ ಸಾಕ್ಷಿ ಅಂತ ತೋರ್ಸೋಕೆ ಅದೇ ಇರೋದು.

ಮಾರೋನು ಪೂರ್ತಿ ಒಂದು ಲಕ್ಷ ಕೇಳಿ ಪ್ಯಾನ್ ಮಾತ್ರ ಕೊಟ್ರೆ, ಟಿಡಿಎಸ್ ನಿಮ್ಮ ಕೈಯಿಂದ ಹೋಗುತ್ತೆ. ಆಗ ಲೆಕ್ಕ 1,000 ಅಲ್ಲ. 1,00,000 ಅನ್ನ 0.99ರಿಂದ ಭಾಗಿಸಿ 1,01,010, ಅದರ 1% ಅಂದ್ರೆ 1,010 ಕಟ್ಟಬೇಕು.

ನೀವು ಮಾರುವಾಗ ಇನ್ನೊಂದು ಎಚ್ಚರ ಬೇಕು. ದುಡ್ಡು ಬಂದಿರೋ ಖಾತೆ ಹೆಸರೂ ಆ್ಯಪ್‌ನಲ್ಲಿರೋ ಕೆವೈಸಿ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರ್ಬೇಕು. 'ನಮ್ಮ ಭಾವನ ಅಕೌಂಟಿಂದ ಹಾಕಿದೀನಿ' ಅಂದ್ರೆ ಕಾಯಿನ್ ಬಿಡಬೇಡಿ. ಅಪೀಲ್ ಹಾಕಿ, ದುಡ್ಡು ಯಾವ ಖಾತೆಯಿಂದ ಬಂತೋ ಅದೇ ಖಾತೆಗೇ ವಾಪಸ್ ಮಾಡಿ. ಬೇರೆ ನಂಬರ್ ಕೊಟ್ಟು 'ಇದಕ್ಕೆ ಹಾಕಿ' ಅಂದ್ರೆ ಮುಟ್ಟಬೇಡಿ, ಕದ್ದ ದುಡ್ಡು ಕೈ ಬದಲಾಯ್ಸೋ ದಾರಿನೇ ಅದು.

ಸರಸ್ವತಿಪುರಂ ಪಾಸ್‌ಬುಕ್

ಬ್ಯಾಂಕಿನ ಕಡೆಯ ವಿಷಯ ನಾನು ಬರೀತೀನಿ. ಕರೆಂಟ್ ಅಕೌಂಟ್ ಪ್ರಶ್ನೆಗೆ ಉತ್ತರ: ಬೇಡವೇ ಬೇಡ.

ಕಾರಣ ಕೇಳಿ. ಎಲ್ಲೋ ಒಬ್ಬರಿಗೆ ಮೋಸ ಆಗಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಡ್ತಾರೆ. ಆ ದುಡ್ಡು ನಾಲ್ಕು ಕೈ ದಾಟಿ ಪಿ2ಪಿ ಖರೀದಿದಾರನ ಮೂಲಕ ನಿಮ್ಮ ಖಾತೆಗೆ ಬಂದಿರುತ್ತೆ. ಸೈಬರ್ ಪೊಲೀಸರು ಸರಪಳಿಯಲ್ಲಿರೋ ಎಲ್ಲ ಖಾತೆಗಳನ್ನೂ ಹಿಡೀತಾರೆ. ಹಿಂದೆ ಸಿಆರ್‌ಪಿಸಿ 102, 2024ರ ಜುಲೈನಿಂದ ಬಿಎನ್‌ಎಸ್‌ಎಸ್ 106ನೇ ಕಲಂ. ಆ ಖಾತೆ ಬೆಲ್ಲದ ಮಂಡಿಯದ್ದಾದ್ರೆ ರೈತರಿಗೆ ಕೊಡಬೇಕಾದ ದುಡ್ಡೂ ನಿಂತುಹೋಗುತ್ತೆ. ಡೈರಿಯಿಂದ ಹಾಲಿನ ಬಟವಾಡೆ ಬರೋ ಖಾತೆ ಆದ್ರೆ ಮನೆಯೇ ನಿಲ್ಲುತ್ತೆ. ಸಂಬಳದ ಖಾತೆಗೂ ಇದೇ ಮಾತು. ಇದಕ್ಕೇ ಅಂತ ಒಂದು ಉಳಿತಾಯ ಖಾತೆ ಇಡಿ, ಆಟೊ ಡೆಬಿಟ್ ಯಾವುದೂ ಅದಕ್ಕೆ ಜೋಡಿಸಬೇಡಿ.

ಖಾತೆ ಸ್ಥಗಿತ ಆಗಿಬಿಟ್ಟರೆ ಮ್ಯಾನೇಜರ್ ಮುಂದೆ ಕೂಗಾಡಿ ಪ್ರಯೋಜನ ಇಲ್ಲ, ಬಿಡಿಸೋ ಅಧಿಕಾರ ಅವರದ್ದಲ್ಲ. ಅವರಿಂದ ನಾಲ್ಕು ವಿಷಯ ಬರವಣಿಗೆಯಲ್ಲಿ ತಗೊಳ್ಳಿ: ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ತನಿಖಾಧಿಕಾರಿಯ ಇಮೇಲ್, ವಿವಾದದ ಮೊತ್ತ ಎಷ್ಟು. ಆಮೇಲೆ ಆ ಅಧಿಕಾರಿಗೆ ಅರ್ಜಿ. ಜೊತೆಗೆ ಪಿ2ಪಿ ಆರ್ಡರ್ ಸಂಖ್ಯೆ, ಪೂರ್ತಿ ಚಾಟ್, ಎದುರು ವ್ಯಕ್ತಿಯ ಕೆವೈಸಿ ಹೆಸರು ಕಾಣೋ ಪರದೆ, ಆ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ನೀವು ಆ ಕಾಯಿನ್ ಎಲ್ಲಿಂದ ತಂದಿದ್ದು ಅನ್ನೋ ದಾಖಲೆ. ಇಡೀ ಖಾತೆ ಬದಲು ವಿವಾದದ ಮೊತ್ತಕ್ಕೆ ಮಾತ್ರ ಲೀನ್ (ತಡೆ) ಹಾಕಿ ಅಂತ ಅರ್ಜಿಯಲ್ಲೇ ಸ್ಪಷ್ಟವಾಗಿ ಕೇಳಿ. ಮೈಸೂರು, ಮಂಡ್ಯ ಎರಡೂ ಕಡೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ. ಆದರೆ ದೂರು ಬೇರೆ ರಾಜ್ಯದ್ದಾದ್ರೆ ನಿರ್ಧಾರ ಆ ರಾಜ್ಯದ ಠಾಣೆಯದ್ದೇ.

ಇನ್ನೊಂದು. ಪಿ2ಪಿ ರಗಳೆ ಬೇಡ ಅಂತ ಬ್ಯಾಂಕಿನಿಂದ, ವಿದೇಶಕ್ಕೆ ಹಣ ಕಳಿಸೋ ಆರ್‌ಬಿಐ ಯೋಜನೆಯಾದ ಎಲ್‌ಆರ್‌ಎಸ್ ಅಡಿಯಲ್ಲಿ ನೇರ ವಿದೇಶಿ ಎಕ್ಸ್‌ಚೇಂಜ್‌ಗೆ ಡಾಲರ್ ಕಳಿಸ್ತೀವಿ ಅಂತ ಕೆಲವರು ಬರ್ತಾರೆ. ಎಲ್‌ಆರ್‌ಎಸ್ ಮಿತಿ ವರ್ಷಕ್ಕೆ 2,50,000 ಡಾಲರ್ ಇರೋದು ನಿಜ. ಆದರೆ ಬ್ಯಾಂಕುಗಳು ಕ್ರಿಪ್ಟೊಗೆ ಕಳಿಸಲ್ಲ ಅಂತ ಘೋಷಣೆಯನ್ನೇ ಬರೆಸಿಕೊಳ್ತವೆ. 'ಕುಟುಂಬ ನಿರ್ವಹಣೆ' ಅಂತ ಉದ್ದೇಶ ಬರೆದು ಎಕ್ಸ್‌ಚೇಂಜ್‌ಗೆ ಕಳಿಸಿದರೆ ಅದು ಸುಳ್ಳು ಘೋಷಣೆ. ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಉಲ್ಲಂಘನೆಗೆ ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ದಯವಿಟ್ಟು ಮಾಡಬೇಡಿ.

ಮದ್ದೂರು ಲೆಕ್ಕ

ಮೇಡಂ, ತುಂಬ ಉಪಯೋಗ ಆಯ್ತು. ಮೂರನೇ ಪ್ರಶ್ನೆ ಉಳೀತು. ರೂಪಾಯಿಗೆ ತರದೇ ಇದ್ರೆ ತೆರಿಗೆ ಇಲ್ವಾ?

ಕುವೆಂಪುನಗರ ಆಡಿಟ್

ಇದೆ. ಕ್ರಿಪ್ಟೊ ಲಾಭದ ಕಲಂ 115ಬಿಬಿಎಚ್ ತೆರಿಗೆ ಹಾಕೋದು *ವರ್ಗಾವಣೆ* ಮೇಲೆ. ಯುಎಸ್‌ಡಿಟಿ ಕೊಟ್ಟು ಈಥರ್ (ಇನ್ನೊಂದು ಕಾಯಿನ್) ತಗೊಂಡರೆ ಯುಎಸ್‌ಡಿಟಿ ಮಾರಿದ ಹಾಗೇ. ಯಾರ್ಡ್‌ನಲ್ಲಿ ಅಚ್ಚು ಬೆಲ್ಲ ಕೊಟ್ಟು ಬಕೆಟ್ ಬೆಲ್ಲ ತಗೊಂಡರೆ ಪುಸ್ತಕದಲ್ಲಿ ಒಂದು ಮಾರಾಟ, ಒಂದು ಖರೀದಿ ಬರೀತೀವಲ್ಲ, ಹಾಗೆ.

ಒಂದು ಲೆಕ್ಕ ಹಾಕಿ ತೋರಿಸ್ತೀನಿ. ದರಗಳು ಉದಾಹರಣೆಗೆ ಮಾತ್ರ.

1,000 ಯುಎಸ್‌ಡಿಟಿ 90 ರೂಪಾಯಿಯಂತೆ ಖರೀದಿ: 90,000. ಯುಎಸ್‌ಡಿಟಿ 92 ಇದ್ದಾಗ ಅಷ್ಟನ್ನೂ ಕೊಟ್ಟು ಈಥರ್ ಖರೀದಿ: ಮಾರಾಟ ಮೌಲ್ಯ 92,000, ಲಾಭ 2,000. ಆ ಈಥರ್ ಮಾರಿ 1,200 ಯುಎಸ್‌ಡಿಟಿ ಬಂತು, ಆಗ ದರ 91: ಮೌಲ್ಯ 1,09,200, ಲಾಭ 17,200. ಕೊನೆಗೆ 1,200 ಯುಎಸ್‌ಡಿಟಿಯನ್ನ 90ರಂತೆ ರೂಪಾಯಿಗೆ ಮಾರಾಟ: 1,08,000, ಅಂದರೆ ನಷ್ಟ 1,200.

ಕೈಗೆ ಬಂದ ನಿಜ ಲಾಭ 18,000. ತೆರಿಗೆ ಬೀಳೋದು 19,200ರ ಮೇಲೆ. ಯಾಕಂದ್ರೆ 1,200 ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯೋ ಹಾಗಿಲ್ಲ. 30% ಅಂದರೆ 5,760, ಮೇಲೆ 4% ಸೆಸ್ 230, ಒಟ್ಟು 5,990. ಕೊನೆಯ ಮಾರಾಟದಲ್ಲಿ 1,080 ಟಿಡಿಎಸ್ ಹಿಡಿದಿದ್ದರೆ ಉಳಿದ 4,910 ಕಟ್ಟಬೇಕು. ಎಕ್ಸ್‌ಚೇಂಜ್ ಶುಲ್ಕ, ಶುಲ್ಕದ ಮೇಲಿನ 18% ಜಿಎಸ್‌ಟಿ, ಇಂಟರ್ನೆಟ್ ಖರ್ಚು ಯಾವುದೂ ಕಳೆಯಂಗಿಲ್ಲ. ಖರೀದಿ ವೆಚ್ಚ ಒಂದೇ. ಬೇರೆ ಆದಾಯ ಏನೂ ಇಲ್ಲದಿದ್ದರೂ ಮೂಲ ವಿನಾಯಿತಿ ಮಿತಿ ಇದಕ್ಕೆ ಅನ್ವಯಿಸಲ್ಲ.

ನಷ್ಟ ಕಳೆಯೋಕೆ ಬಿಡದೇ ಇರೋದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಷೇರಿಗೆ ಇರೋ ಸೌಲಭ್ಯ ಇದಕ್ಕೂ ಇರಬೇಕಿತ್ತು. ಆದರೆ ಕಾನೂನು ಹೀಗಿರುವಾಗ ರಿಟರ್ನ್‌ನಲ್ಲಿ ನಮಗೆ ಬೇಕಾದ ಹಾಗೆ ಬರೆಯೋಕಾಗಲ್ಲ.

ಹೆಬ್ಬಾಳ್ ನೋಡ್

ಸಾರ್, ಈ ಲೆಕ್ಕದಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ, ಅದನ್ನ ಹೇಳ್ತೀನಿ. ನೀವು ಮಧ್ಯದ ಹೆಜ್ಜೆಗಳಿಗೂ ಯುಎಸ್‌ಡಿಟಿಯ ರೂಪಾಯಿ ದರವನ್ನೇ ಹಾಕಿದೀರಿ, ಅದು ಸರಿ. ಜನ ಅಲ್ಲಿ ಗೂಗಲ್‌ನ ಡಾಲರ್ ದರ ಹಾಕಿಬಿಡ್ತಾರೆ. ನಮ್ಮಲ್ಲಿ ಯುಎಸ್‌ಡಿಟಿ ಸಾಮಾನ್ಯವಾಗಿ ಬ್ಯಾಂಕ್ ಡಾಲರ್‌ಗಿಂತ ದುಬಾರಿ.

ಅದೇ ಉದಾಹರಣೆಯಲ್ಲಿ ಮಧ್ಯದ ಎರಡು ಹೆಜ್ಜೆಗೆ 86 ಹಾಕಿ ನೋಡಿ. ಮೊದಲ ಬದಲಾವಣೆಯಲ್ಲಿ 86,000, ಅಂದರೆ 4,000 ನಷ್ಟ, ಅದು ಹಾಳಾಯ್ತು. ಈಥರ್ ಮಾರಾಟ 1,03,200, ಲಾಭ 17,200. ಕೊನೆಗೆ 1,08,000, ಲಾಭ 4,800. ತೆರಿಗೆಗೆ ಒಳಪಡೋ ಲಾಭ 22,000 ಆಗೋಯ್ತು. ನಿಜ ಲಾಭಕ್ಕಿಂತ 4,000 ಹೆಚ್ಚು, 1,248 ರೂಪಾಯಿ ಸುಮ್ಮನೆ ಜಾಸ್ತಿ ತೆರಿಗೆ. ದರಕ್ಕೆ ಒಂದೇ ಮೂಲ ಇಟ್ಕೊಳ್ಳಿ, ಎಲ್ಲ ಹೆಜ್ಜೆಗೂ ಅದನ್ನೇ ಬಳಸಿ, ಯಾವುದು ಅಂತ ಹಾಳೆಯ ಮೇಲೆ ಬರೆದಿಡಿ. ಮೊದಲು ಬಂದದ್ದು ಮೊದಲು ಹೋಯ್ತು ಅನ್ನೋ ಕ್ರಮ ಹಿಡಿದರೆ ಅದನ್ನೂ ವರ್ಷದಿಂದ ವರ್ಷಕ್ಕೆ ಬದಲಾಯಿಸಬೇಡಿ.

ಸಿಎಸ್‌ವಿ ಫೈಲ್ (ಎಕ್ಸ್‌ಚೇಂಜ್‌ನಿಂದ ಇಳಿಸೋ ವಹಿವಾಟಿನ ಪಟ್ಟಿ) ಬಗ್ಗೆ. ವಿದೇಶಿ ಎಕ್ಸ್‌ಚೇಂಜ್‌ಗಳ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಫೈಲ್‌ನಲ್ಲಿ ಮಾರ್ಚ್ 31, 20:15 ಅಂತ ಇರೋ ಮಾರಾಟ ನಮ್ಮಲ್ಲಿ ಏಪ್ರಿಲ್ 1ರ ಬೆಳಗಿನ ಜಾವ 1:45. ಅಂದರೆ ಬೇರೆ ಹಣಕಾಸು ವರ್ಷ! ಮಾರ್ಚ್ 31ರ 18:30 ಆದ ಮೇಲಿನ ಸಾಲುಗಳನ್ನೆಲ್ಲ ಮುಂದಿನ ವರ್ಷಕ್ಕೆ ಸರಿಸಿ.

ಎಕ್ಸೆಲ್‌ನಲ್ಲಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್ 15 ಅಂಕಿ ಮಾತ್ರ ನೆನಪಿಡುತ್ತೆ. 19 ಅಂಕಿಯ ಆರ್ಡರ್ ಸಂಖ್ಯೆಯ ಕೊನೆಯ ನಾಲ್ಕು ಸೊನ್ನೆಯಾಗಿಬಿಡುತ್ತೆ. ಸೇವ್ ಮಾಡಿದರೆ ಮೂಲವೇ ಹಾಳು. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಆ ಕಾಲಂ ಟೆಕ್ಸ್ಟ್ ಅಂತ ಆರಿಸಿ.

ಸ್ಪಾಟ್ ಟ್ರೇಡ್ ಫೈಲ್ ಒಂದೇ ಸಾಲದು. ಕನ್ವರ್ಟ್ ಬಟನ್‌ನಲ್ಲಿ ಮಾಡಿದ ಬದಲಾವಣೆ, ಪಿ2ಪಿ ಆರ್ಡರ್, ಜಮಾ–ವಿತ್‌ಡ್ರಾವಲ್, ಸ್ಟೇಕಿಂಗ್ (ಕಾಯಿನ್ ಕಟ್ಟಿಟ್ಟು ಪಡೆಯೋ ಪ್ರತಿಫಲ) ಬಾಬ್ತು ಇವೆಲ್ಲ ಸಾಮಾನ್ಯವಾಗಿ ಬೇರೆ ಬೇರೆ ಫೈಲ್. ಮೂರು ತಿಂಗಳಿಗೊಮ್ಮೆ ಇಳಿಸಿ ಪೆನ್ ಡ್ರೈವ್‌ನಲ್ಲಿ ಇಡಿ. ಆ್ಯಪ್ ಬ್ಲಾಕ್ ಆದ ಮೇಲೆ ಫೈಲ್ ಹುಡುಕೋದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಕೆರಗೋಡು ಕಡೆಯವ

ಹೆಬ್ಬಾಳದಣ್ಣ, ವಿದೇಶಿ ಎಕ್ಸ್‌ಚೇಂಜ್‌ನಿಂದ ಇಲ್ಲಿನ ಎಕ್ಸ್‌ಚೇಂಜ್‌ಗೆ ಕಾಯಿನ್ ತಂದು ಇಲ್ಲೇ ರೂಪಾಯಿ ಮಾಡ್ಕೊಳೋದು ಪಿ2ಪಿಗಿಂತ ವಾಸಿ ಅಲ್ವಾ? ಟಿಡಿಎಸ್ ಅವರೇ ಹಿಡೀತಾರೆ, ಖಾತೆ ಸ್ಥಗಿತದ ಭಯನೂ ಕಮ್ಮಿ.

ಹೆಬ್ಬಾಳ್ ನೋಡ್

ಖಂಡಿತ ವಾಸಿ, ನಾನೂ ಅದನ್ನೇ ಹೇಳ್ತೀನಿ. ನಿಮ್ಮ ಖಾತೆಯಿಂದ ನಿಮ್ಮದೇ ಖಾತೆಗೆ ಕಳಿಸೋದು ತೆರಿಗೆ ಬೀಳೋ ವರ್ಗಾವಣೆ ಅಲ್ಲ, ಆದರೆ ಎರಡೂ ನಿಮ್ಮದೇ ಅನ್ನೋದಕ್ಕೆ ದಾಖಲೆ ಇರಬೇಕು. ಇಲ್ಲಿನ ಎಕ್ಸ್‌ಚೇಂಜ್ ಟ್ರಾವೆಲ್ ರೂಲ್ ಪ್ರಕಾರ ಕಳಿಸಿದವರ ಹೆಸರು, ಯಾವ ಎಕ್ಸ್‌ಚೇಂಜ್ ಅಂತ ಕೇಳುತ್ತೆ. ತುಂಬೋವರೆಗೂ ಕಾಯಿನ್ ತಡೆಹಿಡಿದಿರುತ್ತೆ. ಎರಡೂ ಕಡೆ ಹೆಸರಿನ ಇನಿಶಿಯಲ್ ಸೇರಿ ಒಂದೇ ಥರ ಇರಲಿ. 'ಎಂ.' ಒಂದು ಕಡೆ, 'ಮರಿಗೌಡ' ಅಂತ ಪೂರ್ತಿ ಇನ್ನೊಂದು ಕಡೆ ಅಂತಾದ್ರೆ ಅಲ್ಲೇ ಸಿಕ್ಕಿಕೊಳ್ಳುತ್ತೆ.

ನೆಟ್‌ವರ್ಕ್, ಅಂದರೆ ಕಾಯಿನ್ ಸಾಗೋ ಜಾಲದ ಆಯ್ಕೆ ತಪ್ಪಬಾರದು. ಟ್ರಾನ್ ವಿಳಾಸ 'ಟಿ' ಅಕ್ಷರದಿಂದ ಶುರು, ಆದ್ದರಿಂದ ಟಿಆರ್‌ಸಿ20 ಗುರುತಿಸೋದು ಸುಲಭ. ಅಪಾಯ ಇರೋದು ಇಆರ್‌ಸಿ20 ಮತ್ತು ಬಿಇಪಿ20 ಮಧ್ಯೆ. ಎರಡರ ವಿಳಾಸವೂ ಸೊನ್ನೆ-ಎಕ್ಸ್‌ನಿಂದ ಶುರುವಾಗಿ ನೋಡೋಕೆ ಒಂದೇ ಥರ ಇರುತ್ತೆ. ಆ್ಯಪ್ ತಡೆಯಲ್ಲ, ಕಾಯಿನ್ ಹೋಗೇಬಿಡುತ್ತೆ. ಸ್ವೀಕರಿಸೋ ಎಕ್ಸ್‌ಚೇಂಜ್ ಆ ನೆಟ್‌ವರ್ಕ್ ಬೆಂಬಲಿಸದಿದ್ದರೆ ನಿಮ್ಮ ಖಾತೆಯಲ್ಲಿ ಕಾಣಲ್ಲ. ಎಕ್ಸ್‌ಆರ್‌ಪಿ, ಸ್ಟೆಲ್ಲರ್, ಟಾನ್ ಕಳಿಸುವಾಗ ಟ್ಯಾಗ್ ಅಥವಾ ಮೆಮೊ ಬಿಟ್ಟರೆ ಅದೇ ಗತಿ. ಎಲ್ಲ ಗ್ರಾಹಕರಿಗೂ ವಿಳಾಸ ಒಂದೇ ಇರುತ್ತೆ, ಯಾರದ್ದು ಅಂತ ಹೇಳೋದು ಆ ಮೆಮೊ ಮಾತ್ರ.

ಸರಸ್ವತಿಪುರಂ ಪಾಸ್‌ಬುಕ್

ಆಡಿಟ್ ಅವರೇ, ಷೆಡ್ಯೂಲ್ ಎಫ್‌ಎ ಬಗ್ಗೆ ಯಾರೂ ಬರೆದಿಲ್ಲ. ಅದನ್ನ ಮರೆತವರೇ ಜಾಸ್ತಿ.

ಕುವೆಂಪುನಗರ ಆಡಿಟ್

ಒಳ್ಳೇದಾಯ್ತು ಮೇಡಂ ನೆನಪಿಸಿದ್ದು.

ಕ್ರಿಪ್ಟೊ ವಹಿವಾಟು ಇದ್ದವರು ಐಟಿಆರ್-1, ಐಟಿಆರ್-4 ಹಾಕೋ ಹಾಗಿಲ್ಲ. ಐಟಿಆರ್-2, ವ್ಯಾಪಾರದ ಆದಾಯ ಇದ್ದರೆ ಐಟಿಆರ್-3. ಅದರಲ್ಲಿ ಷೆಡ್ಯೂಲ್ ವಿಡಿಎ ಅಂತ ಇದೆ: ಖರೀದಿ ದಿನಾಂಕ, ವರ್ಗಾವಣೆ ದಿನಾಂಕ, ಖರೀದಿ ವೆಚ್ಚ, ಬಂದ ಮೌಲ್ಯ, ಆದಾಯ. ನಷ್ಟದ ಸಾಲಿನಲ್ಲಿ ಆದಾಯ ಸೊನ್ನೆ. ರಿಟರ್ನ್ ಹಾಕೋ ಮೊದಲು 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ಟಿಡಿಎಸ್ ಪಟ್ಟಿ) ತೆರೆದು 194ಎಸ್ ಸಾಲು ಇದೆಯಾ ನೋಡಿ. ಅಲ್ಲಿ ಇದ್ದು ನೀವು ಐಟಿಆರ್-1 ಹಾಕಿದ್ದರೆ ಇಲಾಖೆಯ ಕಂಪ್ಯೂಟರ್‌ಗೆ ತಾಳೆ ಆಗಲ್ಲ. ವಿದೇಶಿ ಎಕ್ಸ್‌ಚೇಂಜ್ ಟಿಡಿಎಸ್ ಹಿಡಿದಿದೆಯೋ ಇಲ್ಲವೋ ಅನ್ನೋದಕ್ಕೂ ಆ್ಯಪ್‌ನ ಮಾತು ನಂಬಬೇಡಿ, 26ಎಎಸ್ ನೋಡಿ.

ಷೆಡ್ಯೂಲ್ ಎಫ್‌ಎ ಬೇರೆ. ನಿವಾಸಿಗಳು ವಿದೇಶದಲ್ಲಿರೋ ಆಸ್ತಿ ತೋರಿಸೋ ಜಾಗ ಅದು. ವಿದೇಶಿ ಎಕ್ಸ್‌ಚೇಂಜ್‌ನ ಸುಪರ್ದಿಯಲ್ಲಿರೋ ಕಾಯಿನ್ ಅಲ್ಲಿ ತೋರಿಸೋದೇ ಸುರಕ್ಷಿತ, ಮಾರದೇ ಇದ್ದರೂ. ಇದಕ್ಕೆ ಹಣಕಾಸು ವರ್ಷ ಅಲ್ಲ, ಕ್ಯಾಲೆಂಡರ್ ವರ್ಷ. 2024-25ರ ರಿಟರ್ನ್‌ನಲ್ಲಿ 2024ರ ಜನವರಿ 1ರಿಂದ ಡಿಸೆಂಬರ್ 31ರವರೆಗಿನ ವಿವರ. ವರ್ಷದಲ್ಲಿ ಅತಿ ಹೆಚ್ಚು ಇದ್ದ ಬಾಕಿ, ಡಿಸೆಂಬರ್ 31ರ ಬಾಕಿ ಎರಡೂ ಬೇಕು. ಆದ್ದರಿಂದ ಡಿಸೆಂಬರ್ 31ರ ರಾತ್ರಿ ಖಾತೆಯ ಪರದೆ ಉಳಿಸಿಡಿ, ಆಮೇಲೆ ಕೆದಕೋದು ಕಷ್ಟ.

ತೋರಿಸದಿದ್ದರೆ ಕಪ್ಪುಹಣ ಕಾಯ್ದೆ 2015ರ ಅಡಿ ವರ್ಷಕ್ಕೆ 10 ಲಕ್ಷ ದಂಡ ಬೀಳಬಹುದು. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷದೊಳಗಿದ್ದರೆ ಈ ದಂಡ ಇಲ್ಲ. ದಂಡ ಇಲ್ಲ ಅಷ್ಟೇ, ತೋರಿಸೋ ಕರ್ತವ್ಯ ಹೋಗಿಲ್ಲ. ಜೊತೆಗೆ ಭಾರತ 2027ರಿಂದ ಕ್ರಿಪ್ಟೊ ಮಾಹಿತಿಯನ್ನ ಬೇರೆ ದೇಶಗಳ ಜೊತೆ ವಿನಿಮಯ ಮಾಡಿಕೊಳ್ಳೋ ವ್ಯವಸ್ಥೆಗೆ ಒಪ್ಪಿದೆ. ಅಲ್ಲಿರೋದು ಇಲ್ಲಿ ಕಾಣಲ್ಲ ಅನ್ನೋ ಲೆಕ್ಕಾಚಾರದ ಕಾಲ ಮುಗೀತು.

ಮದ್ದೂರು ಲೆಕ್ಕ

ಸಾರ್, ಹಿಂದಿನ ವರ್ಷಗಳದ್ದು ತೋರಿಸದೇ ಬಿಟ್ಟಿರೋರು ಈಗ ಏನ್ ಮಾಡ್ಬೇಕು? ಮತ್ತೆ ಪಿ2ಪಿ ಟಿಡಿಎಸ್ ಕೊನೇ ದಿನಾಂಕ ಒಂದು ಉದಾಹರಣೆಯಲ್ಲಿ ಹೇಳಿಬಿಡಿ.

ಕುವೆಂಪುನಗರ ಆಡಿಟ್

ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು ಇದೆ. ಆ ಅಸೆಸ್‌ಮೆಂಟ್ ವರ್ಷ ಮುಗಿದು 48 ತಿಂಗಳವರೆಗೆ ಹಾಕಬಹುದು. ತೆರಿಗೆ ಮತ್ತು ಬಡ್ಡಿಯ ಮೇಲೆ ಹೆಚ್ಚುವರಿ ಮೊತ್ತ: 12 ತಿಂಗಳೊಳಗೆ 25%, 24ರೊಳಗೆ 50%, 36ರೊಳಗೆ 60%, 48ರೊಳಗೆ 70%. ತಡ ಮಾಡಿದಷ್ಟೂ ಹೊರೆ. ಮರುಪಾವತಿ ಕೇಳೋಕೆ ಇದನ್ನ ಬಳಸೋಕಾಗಲ್ಲ. ಈ ವರ್ಷದ್ದಾದ್ರೆ, ಒಟ್ಟು ತೆರಿಗೆ 10,000 ದಾಟುತ್ತೆ ಅನ್ನಿಸಿದರೆ ಮುಂಗಡ ತೆರಿಗೆ ಕಂತುಗಳನ್ನೂ ನೋಡಿಕೊಳ್ಳಿ: ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15.

ಟಿಡಿಎಸ್‌ಗೆ: ಜೂನ್ 12ರಂದು ಹಿಡಿದದ್ದಾಗಲಿ ಜೂನ್ 29ರದ್ದಾಗಲಿ, ಕಟ್ಟೋ ಕೊನೆ ದಿನ ಜುಲೈ 30.

ಕೆರಗೋಡು ಕಡೆಯವ

ಪ್ಯಾನ್ ತಗೊಂಡ್ ತಕ್ಷಣ ಸರಿ ಇದೆಯಾ ಅಂತ ಪೋರ್ಟಲ್‌ನಲ್ಲಿ ನೋಡ್ಕೊಳಿ ಕಣ್ರೀ. ಕಾಯಿನ್ ಬಿಟ್ಟ ಮೇಲೆ ಮರ್ಚೆಂಟ್ ಫೋನ್ ಎತ್ತಲ್ಲ.